ಗುಳೆ ಹೋದವರು ಮತ್ತು ನಮ್ಮ ಕಾದಂಬರಿ

೧

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ತುದಿಯ ಹಳೆಯ ಮನೆಯೊಂದನ್ನು ಕೆಡವಿ ಅಲ್ಲಿ ಐದಂತಸ್ತಿನ ಕಟ್ಟಡ ಎಬ್ಬಿಸತೊಡಗಿದರು. ಹೈದರಾಬಾದಿನಲ್ಲಿ ಇದೇನೂ ಹೊಸ ಸಂಗತಿಯಲ್ಲ. ಬೆಳಿಗ್ಗೆ ಹಾಲು ತರಲು ಹೋಗುವಾಗ ಮರಳು, ಜಲ್ಲಿ, ಸಿಮೆಂಟಿನ ಚೀಲಗಳನ್ನು ದಾಟಿಕೊಂಡು ಹೋಗುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಒಂದು ದಿನ ಹಾಗೆ ದಾಟುತ್ತಿದ್ದಾಗ, ತಗಡಿನ ಗುಡಿಸಲಿನ ಮುಂದೆ ಮೂರು ಕಲ್ಲಿನ ಒಲೆ ಹೂಡಿ ರೊಟ್ಟಿ ಸುಡುತ್ತಿದ್ದ ಹೆಂಗಸೊಬ್ಬಳು ತನ್ನ ಕೂಸನ್ನು ಗದರಿಸಿದ್ದು ಕಿವಿಗೆ ಬಿತ್ತು. ಅಪ್ಪಟ ಕನ್ನಡ, ಅದೂ ಕೃಷ್ಣಾ ಭೀಮಾ ನದಿಗಳ ನಡುವಿನ ಸೀಮೆಯ ಕನ್ನಡ. ಪರನಾಡಿನಲ್ಲಿ ಅಚಾನಕ ತಾಯಿನುಡಿ ಕೇಳಿದರೆ ಆಗುವ ಹಿಗ್ಗು ಎಂಥದೆಂದು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಂತು ಕೇಳಿದೆ: "ಯಾವೂರವ್ವಾ ನಿಮ್ದು?"

"ಸುರಪುರದ ಕಡೀರಿ ಯಪ್ಪಾ" ಎಂದಳು. ಸೆರಗು ಸರಿಮಾಡಿಕೊಂಡು, "ನಿಮ್ದ್ಯಾವೂರ್ರೀ?" ಎಂದು ಮರುಪ್ರಶ್ನೆ ಹಾಕಿದಳು. ರಾಯಚೂರು ಎಂದೆ. ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತೆಂದೂ ಸೇರಿಸಿದೆ. ಅವಳು ರೊಟ್ಟಿ ತಿರುವಿಹಾಕುತ್ತ ನಕ್ಕು, "ಹಂಗಾರ ನೀವೂ ನಮ್ಹಂಗ ದುಡಿಲಾಕ ಬಂದವ್ರು ಅನ್ರಿ" ಎಂದಳು.

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಒಂದು ಸರಳ ಸತ್ಯವನ್ನು ಹೇಳುವಂತೆ ಹೇಳಿದ್ದಳು. ಆದರೆ ಹಾಲಿನ ಪಾತ್ರೆ ಹಿಡಿದು ಮನೆಗೆ ಬಂದ ಮೇಲೂ ಅದು ನನ್ನನ್ನು ಬಿಡಲಿಲ್ಲ. ನಾನೂ ದುಡಿಯಲು ಬಂದವನೇ, ಅವಳೂ ದುಡಿಯಲು ಬಂದವಳೇ. ನಮ್ಮ ಭಾಷೆ ಒಂದು, ನಾವು ಬಿಟ್ಟುಬಂದ ಬಿಸಿಲೂ ಹೆಚ್ಚುಕಡಿಮೆ ಒಂದೇ. ಆದರೂ ನನ್ನ ಕಪಾಟಿನಲ್ಲಿರುವ ಕನ್ನಡ ಕಾದಂಬರಿಗಳಲ್ಲಿ ನನ್ನಂಥವನ ಕಥೆ ಹತ್ತಾರು ಬಗೆಯಲ್ಲಿ ಸಿಗುತ್ತದೆ. ಅವಳ ಕಥೆಯನ್ನು ಹುಡುಕಿದರೆ ಅಲ್ಲೊಂದು ಪುಟ, ಇಲ್ಲೊಂದು ಪುಟ. ಇದು ಏಕೆ ಹೀಗೆ? ಕಷ್ಟಕಾಲದಲ್ಲಿ ಹೊಲ ಬಿಟ್ಟು ಕೂಲಿಗಾಗಿ ಊರೂರು ತಿರುಗುವ ರೈತಾಪಿ ಜನರನ್ನು ನಮ್ಮ ಕಥನಸಾಹಿತ್ಯ ಹೇಗೆ ಕಂಡಿದೆ? ಈ ಪ್ರಶ್ನೆಯನ್ನು ಕೆಲವು ಕೃತಿಗಳ ಆಧಾರದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಮಾತಿನ ವಿಚಾರ. ನಾವು ನಮ್ಮನ್ನು 'ಹೊರನಾಡ ಕನ್ನಡಿಗರು' ಎಂದು ಕರೆದುಕೊಳ್ಳುತ್ತೇವೆ. ಅದರಲ್ಲಿ ಒಂದು ಗೌರವವಿದೆ, ಸಂಘವಿದೆ, ರಾಜ್ಯೋತ್ಸವವಿದೆ. ಅವಳಿಗೆ ಆ ಹೆಸರನ್ನು ಯಾರೂ ಕೊಟ್ಟಿಲ್ಲ. ಅವಳ ಊರಿನ ಮಾತಿನಲ್ಲಿ ಅವಳು 'ಗುಳೆ ಹೋದವಳು'. ಗುಳೆ ಎಂದರೆ ಪ್ರವಾಸವಲ್ಲ, ವರ್ಗಾವಣೆಯೂ ಅಲ್ಲ. ಮಳೆ ಕೈಕೊಟ್ಟಾಗ, ಸಾಲ ಕುತ್ತಿಗೆಗೆ ಬಂದಾಗ, ಗಂಟುಮೂಟೆ ಕಟ್ಟಿ, ಬಾಗಿಲಿಗೆ ಜಾಲಿಯ ಮುಳ್ಳು ಅಡ್ಡವಿಟ್ಟು, ಮುದುಕರನ್ನು ಊರಿಗೆ ಕಾವಲಿಟ್ಟು ಹೊರಡುವುದು ಗುಳೆ. 'ವಲಸೆ' ಎಂಬ ಮಾತಿಗೂ ಇಂಥದೇ ನೋವಿನ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್, ಶತ್ರುಸೈನ್ಯ ಬರುವುದನ್ನು ಕಂಡು ಊರಿಗೆ ಊರೇ ಎದ್ದು ಹೋಗುವುದಕ್ಕೆ ಈ ನಾಡಿನಲ್ಲಿ 'ವಲಸೆ' ಎಂಬ ಒಂದೇ ಶಬ್ದವಿರುವುದನ್ನು ಗಮನಿಸಿ ಬರೆದಿದ್ದಾನೆ. ಒಂದು ಅನುಭವಕ್ಕೆ ಒಂದು ಪದವೇ ಹುಟ್ಟಬೇಕಾದರೆ ಆ ಅನುಭವ ಎಷ್ಟು ಸಲ ಆಗಿರಬೇಕು!

ಸೈನ್ಯಗಳ ಕಾಲ ಹೋಯಿತು; ಬರಗಳ ಕಾಲ ಹೋಗಲಿಲ್ಲ. ೧೭೯೧-೯೨ರ ಡೋಗಿ ಬರ, ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಬರ, ನಮ್ಮಲ್ಲಿ ಹಲವರ ನೆನಪಿನಲ್ಲೇ ಇರುವ ೧೯೭೨ರ ಬರ, ಇವೆಲ್ಲ ಬಯಲುಸೀಮೆಯ ಜನರನ್ನು ದಾರಿಗೆ ಹಾಕಿದವು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರು, ಮುಂಬಯಿ, ಪುಣೆ, ಗೋವಾ, ಹೈದರಾಬಾದುಗಳಿಗೆ ಗುಳೆ ಹೋಗುವುದು ಬರದ ವರ್ಷದ ಮಾತಾಗಿ ಉಳಿಯದೆ ಸುಗ್ಗಿಯಂತೆ, ಜಾತ್ರೆಯಂತೆ ವರ್ಷವರ್ಷದ ಕಾಯಕವಾಯಿತು. ನಮ್ಮ ನೆರೆಯ ಮಹಬೂಬನಗರವಂತೂ 'ಪಾಲಮೂರು ಕೂಲಿ' ಎಂಬ ಹೆಸರಿನಿಂದಲೇ ದೇಶಕ್ಕೆ ಪರಿಚಿತ. ಭಾರತದ ಯಾವ ಮೂಲೆಯಲ್ಲಿ ಅಣೆಕಟ್ಟು, ಕಾಲುವೆ, ರಸ್ತೆ ಎದ್ದರೂ ಅಲ್ಲಿ ಪಾಲಮೂರಿನವರ ಬೆವರಿದೆ ಎನ್ನುವುದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಆ ಜಿಲ್ಲೆಯಿಂದ ಒಡೆದು ಬಂದ ನಾರಾಯಣಪೇಟೆಯ ಗಡಿಯ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವುದರಿಂದ, ಆ ಬೆವರಿನಲ್ಲಿ ನಮ್ಮವರದೂ ಒಂದು ಪಾಲು ಸೇರಿದೆ.

ಈ ಬದುಕಿನ ಯಂತ್ರ ಹೇಗೆ ನಡೆಯುತ್ತದೆ? ಎಲ್ಲ ಕಡೆಯೂ ಒಂದೇ ಕೀಲಿ: ಮುಂಗಡ. ಮೇಸ್ತ್ರಿ ಊರಿಗೆ ಬರುತ್ತಾನೆ. ಮದುವೆಗೋ, ಬೇನೆಗೋ, ಹಳೆಯ ಸಾಲಕ್ಕೋ ಹಣ ಕೊಡುತ್ತಾನೆ. ಆ ಹಣ ತೀರುವತನಕ ದುಡಿಮೆ. ಅವನ ಪುಸ್ತಕದಲ್ಲಿ ಹಾಜರಿ, ಅವನ ಪುಸ್ತಕದಲ್ಲೇ ಖರ್ಚು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೆ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೊಯ್ತಾ'. ಕೊಯ್ತಾ ಎಂದರೆ ಕುಡುಗೋಲು; ಇಬ್ಬರು ಮನುಷ್ಯರು ಲೆಕ್ಕದಲ್ಲಿ ಒಂದು ಕುಡುಗೋಲಾಗುತ್ತಾರೆ. ಹೆಂಡತಿ ಬೇನೆ ಬಿದ್ದರೆ ಕುಡುಗೋಲು ಅರ್ಧವಾಗುತ್ತದೆ, ಮುಂಗಡ ಮಾತ್ರ ಪೂರ್ತಿ ಉಳಿಯುತ್ತದೆ.

"ಕಾದಂಬರಿಯೇನು ಕಾರ್ಮಿಕ ಇಲಾಖೆಯ ವರದಿಯೇ? ಈ ಲೆಕ್ಕಾಚಾರ ಅದಕ್ಕೇಕೆ?" ಎಂದು ಸಹೃದಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಜನರ ಬಾಳಿನಲ್ಲಿ ಲೆಕ್ಕವೆಂಬುದು ಭಾವನೆಯಿಂದ ಬೇರೆಯಲ್ಲ. ಮಗಳ ಮದುವೆ ಯಾವಾಗ, ಮಗ ಶಾಲೆಗೆ ಹೋಗುವನೋ ಇಲ್ಲವೋ, ಸತ್ತ ತಂದೆಯ ಮಣ್ಣಿಗೆ ಊರು ಮುಟ್ಟಬಹುದೋ ಇಲ್ಲವೋ ಎಂಬುದನ್ನೆಲ್ಲ ಆ ಪುಸ್ತಕ ನಿರ್ಧರಿಸುತ್ತದೆ. ರಾಜರ ಕಥೆಯಲ್ಲಿ ವಿಧಿ ಮಾಡುವ ಕೆಲಸವನ್ನು ಇಲ್ಲಿ ಮೇಸ್ತ್ರಿಯ ಲೆಕ್ಕ ಮಾಡುತ್ತದೆ. ಆದ್ದರಿಂದ ಲೆಕ್ಕವನ್ನು ಬಿಟ್ಟ ಕಾದಂಬರಿ ಇವರ ವಿಧಿಯನ್ನೇ ಬಿಟ್ಟಂತೆ.

೩

ಇದನ್ನು ಮೊದಲು ಕಂಡವರು ಶಿವರಾಮ ಕಾರಂತರು. 'ಚೋಮನ ದುಡಿ' ಪ್ರಕಟವಾದದ್ದು ೧೯೩೩ರಲ್ಲಿ. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲ. ಈ ಕಾದಂಬರಿಯನ್ನು ನಾವು ಸಾಮಾನ್ಯವಾಗಿ ಅಸ್ಪೃಶ್ಯತೆಯ ಕಥೆಯೆಂದು ಓದುತ್ತೇವೆ, ಅದು ಸರಿಯೇ. ಜೋಡಿ ಎತ್ತು ಕಟ್ಟಿಕೊಂಡಿದ್ದರೂ ಒಂದು ತುಂಡು ಗದ್ದೆಯನ್ನು ತಾನೇ ಉಳುವ ಹಕ್ಕು ಚೋಮನಿಗೆ ಹುಟ್ಟಿನ ಕಾರಣದಿಂದ ಸಿಗುವುದಿಲ್ಲ. ಆದರೆ ಕಥೆಯ ಗಾಲಿಯನ್ನು ಉರುಳಿಸುವುದು ಇನ್ನೊಂದು ಸಂಗತಿ: ಘಟ್ಟದ ಮೇಲಿನ ಕಾಫಿ ತೋಟಕ್ಕೆ ಚೋಮ ತೀರಿಸಬೇಕಾದ ಹಳೆಯ ಸಾಲ. ತೋಟದ ಮನ್ವೇಲ ವಸೂಲಿಗೆ ಬರುತ್ತಾನೆ. ಸಾಲಕ್ಕಾಗಿ ದೊಡ್ಡ ಮಕ್ಕಳಿಬ್ಬರು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರಕ್ಕೆ ಬಲಿ. ಇನ್ನೊಬ್ಬ ಮತಾಂತರವಾಗಿ ತಂದೆಯ ಕೈತಪ್ಪುತ್ತಾನೆ. ಸಾಲ ಮಾತ್ರ ಇದ್ದಲ್ಲೇ ಇರುತ್ತದೆ. ಕಡೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ತೀರುತ್ತದೆ; ಯಾವ ಬೆಲೆಗೆ ಎಂಬುದನ್ನು ಕಾರಂತರು ಅಬ್ಬರವಿಲ್ಲದೆ ಹೇಳಿಬಿಡುತ್ತಾರೆ.

ಇಲ್ಲಿ ಕಾರಂತರ ಗೆಲುವು ಎಲ್ಲಿದೆ? ಅವರು ಚೋಮನ ಬಗ್ಗೆ ಕನಿಕರ ಬೇಡುವುದಿಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಲೆಕ್ಕದಿಂದ ಕಳೆಯುತ್ತ ಹೋಗುತ್ತಾರೆ, ಅಷ್ಟೆ. ಐದು ಮಕ್ಕಳ ತಂದೆ ಕೊನೆಯಲ್ಲಿ ದುಡಿಯೊಂದನ್ನೇ ತಬ್ಬಿಕೊಂಡು ಕೂರುವಾಗ ಆ ಕಳೆಯುವ ಲೆಕ್ಕ ಪೂರ್ತಿಯಾಗುತ್ತದೆ. ೧೯೭೫ರಲ್ಲಿ ಬಿ. ವಿ. ಕಾರಂತರು ಇದನ್ನು ಚಲನಚಿತ್ರವಾಗಿಸಿ ಸ್ವರ್ಣಕಮಲ ಪಡೆದರು, ಚೋಮನಾಗಿ ಎಂ. ವಿ. ವಾಸುದೇವರಾಯರ ಮುಖವನ್ನು ಕಂಡವರು ಮರೆಯಲಾರರು.

ಕಾರಂತರ ಕೃತಿ ಬಂದ ನಾಲ್ಕು ವರ್ಷಕ್ಕೆ, ೧೯೩೭ರಲ್ಲಿ, ಮುಲ್ಕ್ ರಾಜ್ ಆನಂದರ 'ಟೂ ಲೀವ್ಸ್ ಅಂಡ್ ಎ ಬಡ್' ಇಂಗ್ಲಿಷಿನಲ್ಲಿ ಬಂತು. ಜಮೀನು ಕಳೆದುಕೊಂಡ ಪಂಜಾಬಿ ರೈತ ಗಂಗು, ಸರ್ದಾರ ಬೂಟಾನ ಸಿಹಿಮಾತು ನಂಬಿ, ತೋಟದಲ್ಲಿ ಸ್ವಂತ ನೆಲ ಸಿಗುವುದೆಂಬ ಆಸೆಯಿಂದ ಹೆಂಡತಿ ಮಕ್ಕಳೊಂದಿಗೆ ಅಸ್ಸಾಮಿನ ಚಹಾ ತೋಟಕ್ಕೆ ಹೋಗುತ್ತಾನೆ. ಹೆಂಡತಿ ಅಲ್ಲಿ ಸಾಯುತ್ತಾಳೆ. ಮಗಳ ಮೇಲೆ ಕಣ್ಣು ಹಾಕಿದ ಬಿಳಿಯ ಅಧಿಕಾರಿಯ ಗುಂಡಿಗೆ ಗಂಗು ಬಲಿಯಾಗುತ್ತಾನೆ. ನ್ಯಾಯಾಲಯ ಕೊಂದವನನ್ನು ಬಿಟ್ಟುಬಿಡುತ್ತದೆ. ಕಥೆಯ ಅಸ್ಥಿಪಂಜರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ: ನೆಲದಾಸೆ, ಮಧ್ಯವರ್ತಿ, ತೋಟ, ಜ್ವರ, ಮಗಳು. ಆನಂದರು ತೋಟದ ಒಳಕ್ಕೆ ಹೋಗಿ ಅಲ್ಲಿನ ಇಡೀ ವ್ಯವಸ್ಥೆಯನ್ನು ತೋರಿಸುತ್ತಾರೆ. ಆದರೆ ತೋರಿಸುವ ಉತ್ಸಾಹದಲ್ಲಿ ಗಂಗು ಒಮ್ಮೊಮ್ಮೆ ಲೇಖಕರ ವಾದದ ಬಾಯಾಗುತ್ತಾನೆ. ಚೋಮ ಯಾರ ಬಾಯಿಯೂ ಆಗುವುದಿಲ್ಲ. ಕೋಪ ಬಂದಾಗ ದುಡಿ ಬಾರಿಸುತ್ತಾನೆ.

ಆದರೆ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. 'ಚೋಮನ ದುಡಿ'ಯ ಹೃದಯವಿರುವುದು ಚೋಮನ ಗುಡಿಸಲಿನಲ್ಲಿ. ಮಕ್ಕಳು ಘಟ್ಟಕ್ಕೆ ಹೋಗುವುದು ಗೊತ್ತು, ಅಲ್ಲಿ ಏನಾಯಿತೆಂಬುದೂ ಗೊತ್ತು. ಆದರೆ ತೋಟದ ದಿನಗಳನ್ನು ನಾವು ಅವರೊಡನೆ ಬಾಳುವುದು ಕಡಿಮೆ. ಬೆಳಗಿನ ಹಾಜರಿ, ಬಟವಾಡೆಯ ಸಂಜೆ, ಸಾಲುಮನೆಯ ರಾತ್ರಿ, ಇವು ದೂರದ ಸುದ್ದಿಯಾಗಿಯೇ ಉಳಿಯುತ್ತವೆ. ಹೋದದ್ದು ಉಂಟು, ಬಂದದ್ದು ಉಂಟು; ನಡುವಣದು ತೆಳುವು. ಈ ನಡುವಣದರ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

೪

ಘಟ್ಟದ ಮೇಲಿನಿಂದ ಇದೇ ಜನರನ್ನು ಕಂಡವರು ಕುವೆಂಪು. ಮಲೆನಾಡಿನ ಗೌಡರ ಗದ್ದೆ ತೋಟಗಳಿಗೆ ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುವವನು ಸೇರೆಗಾರ. 'ಕಾನೂರು ಹೆಗ್ಗಡಿತಿ'ಯಲ್ಲಿ (೧೯೩೬) ಸೇರೆಗಾರ ರಂಗಪ್ಪಸೆಟ್ಟಿ ಇದ್ದಾನೆ. 'ಮಲೆಗಳಲ್ಲಿ ಮದುಮಗಳು' (೧೯೬೭) ಕೃತಿಯಲ್ಲಿ ಚೀಂಕ್ರ ಇದ್ದಾನೆ. ಎರಡನೆಯ ಕಾದಂಬರಿಯಲ್ಲಿ ಐತ, ಪೀಂಚಲು, ಪಿಜಿಣ, ಅಕ್ಕಣಿ ಎಂಬ ಆಳುಮಕ್ಕಳು ಕಥೆಯ ಅಂಚಿನಲ್ಲಿ ಸುಮ್ಮನೆ ನಿಂತವರಲ್ಲ. ಐತ ಪೀಂಚಲು ದಂಪತಿಗಳ ಒಲವು ಆ ಬೃಹತ್ ಕೃತಿಯ ಅತ್ಯಂತ ಸುಂದರ ಭಾಗಗಳಲ್ಲಿ ಒಂದು. ಇವರೂ ನಗುತ್ತಾರೆ, ಮುನಿಯುತ್ತಾರೆ, ಹೆದರುತ್ತಾರೆ, ಪ್ರೀತಿಸುತ್ತಾರೆ. ಬಡವನನ್ನು ಬರೆಯುವಾಗ ಅವನ ಹಸಿವನ್ನಷ್ಟೇ ಬರೆಯುವ ಲೇಖಕರು ಕುವೆಂಪು ಅವರಿಂದ ಕಲಿಯಬೇಕಾದ ಮೊದಲ ಪಾಠ ಇದು. ಹಸಿದವನಿಗೆ ಹಸಿವು ಮಾತ್ರವೇ ಇರುವುದಿಲ್ಲ.

ಆದರೆ ಇಲ್ಲಿಯೂ ಸೇರೆಗಾರನ ಕೈಯ ಲೆಕ್ಕದ ಪುಸ್ತಕಕ್ಕಿಂತ ಅವನ ಕಾಮುಕತೆಯೇ ನಮ್ಮ ಕಣ್ಣಿಗೆ ಹೆಚ್ಚು ಬೀಳುತ್ತದೆ. ಅವನು ಕೆಟ್ಟವನಾದದ್ದರಿಂದ ಆಳುಗಳಿಗೆ ಕೇಡಾಯಿತು ಎನ್ನುವ ಹಾಗೆ ಕಥೆ ಸಾಗುತ್ತದೆ. ಸೇರೆಗಾರ ಒಳ್ಳೆಯವನಾಗಿದ್ದರೆ? ಆಗಲೂ ಮುಂಗಡ ಮುಂಗಡವೇ ಅಲ್ಲವೆ? ಈ ಪ್ರಶ್ನೆಯನ್ನು ಕೇಳುವುದು ಕುವೆಂಪು ಅವರ ಉದ್ದೇಶವಾಗಿರಲಿಲ್ಲ. ಅವರ ಕಣ್ಣು ಇಡೀ ಕಾಡನ್ನು, ಅದರೊಳಗಿನ ಸಮಸ್ತ ಜೀವರಾಶಿಯನ್ನು ಒಟ್ಟಿಗೆ ಹಿಡಿಯುವಂಥದು. ಆದ್ದರಿಂದ ಇದನ್ನು ದೋಷವೆನ್ನದೆ ಮುಂದಿನವರಿಗೆ ಉಳಿದ ಕೆಲಸವೆನ್ನುವುದು ಸರಿ.

೫

ನಡುವಣದನ್ನು ತುಂಬಿಕೊಟ್ಟ ಕೃತಿ ಬೇಕೆಂದರೆ ನಾವು ಸ್ವಲ್ಪ ದೂರ ಹೋಗಬೇಕು. ೧೯೩೯ರಲ್ಲಿ ಅಮೆರಿಕದ ಜಾನ್ ಸ್ಟೈನ್‌ಬೆಕ್ 'ದಿ ಗ್ರೇಪ್ಸ್ ಆಫ್ ರಾತ್' ಬರೆದ. ಧೂಳಿನ ಬಿರುಗಾಳಿ, ಬ್ಯಾಂಕಿನ ಸಾಲ, ಟ್ರ್ಯಾಕ್ಟರು ಮೂರೂ ಸೇರಿ ಒಕ್ಲಹೋಮಾದ ಗೇಣಿದಾರರನ್ನು ನೆಲದಿಂದ ಕಿತ್ತವು. ಜೋಡ್ ಮನೆತನ ಹಳೆಯ ಗಾಡಿಯೊಂದಕ್ಕೆ ಸಂಸಾರವನ್ನೆಲ್ಲ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತದೆ. ದಾರಿಯಲ್ಲಿ ಅಜ್ಜ ಸಾಯುತ್ತಾನೆ, ಅಜ್ಜಿ ಸಾಯುತ್ತಾಳೆ. ಅಲ್ಲಿ ಹಣ್ಣು ಬಿಡಿಸಲು ಆಳು ಬೇಕೆಂದು ಹಂಚಿದ ಕರಪತ್ರ ಅವರ ಕೈಯಲ್ಲಿದೆ. ಹೋಗಿ ನೋಡಿದರೆ ಬೇಕಾದ ಆಳಿಗಿಂತ ಎಷ್ಟೋ ಪಾಲು ಹೆಚ್ಚು ಕರಪತ್ರ ಹಂಚಲಾಗಿದೆ. ಹಸಿದವರು ಹೆಚ್ಚು ಸೇರಿದಷ್ಟೂ ಕೂಲಿ ಇಳಿಯುತ್ತದೆ, ಅದೇ ಉಪಾಯ. ಪೀಚ್ ಹಣ್ಣಿನ ಒಂದು ಪೆಟ್ಟಿಗೆಗೆ ಐದು ಸೆಂಟು ಇದ್ದದ್ದು, ಮುಷ್ಕರ ಮುರಿದ ಕೂಡಲೆ ಎರಡೂವರೆ ಸೆಂಟಿಗೆ ಬೀಳುತ್ತದೆ.

ಈ ಐದು ಮತ್ತು ಎರಡೂವರೆಯನ್ನು ಸ್ಟೈನ್‌ಬೆಕ್ ಬಿಡಲಿಲ್ಲವೆಂಬುದನ್ನು ಗಮನಿಸಿ. ಅಷ್ಟೇ ಅಲ್ಲ, ಆ ಸಂಜೆ ಎಷ್ಟು ಪೆಟ್ಟಿಗೆಗೆ ಎಷ್ಟು ಮಾಂಸ, ಎಷ್ಟು ಹಿಟ್ಟು ಬಂತು, ತೋಟದ ಅಂಗಡಿಯಲ್ಲಿ ಬೆಲೆ ಎಷ್ಟು ಹೆಚ್ಚು ಎಂಬುದನ್ನೂ ತಾಯಿ ಲೆಕ್ಕ ಹಾಕುತ್ತಾಳೆ. ಆ ಲೆಕ್ಕದ ನಡುವೆಯೇ ಅವಳ ಘನತೆ ಬೆಳಗುತ್ತದೆ. ಹೊರಡುವುದು ಕಾದಂಬರಿಯ ಒಂದು ಭಾಗ ಮಾತ್ರ. ದಾರಿ, ಬಿಡಾರ, ಕೂಲಿಯ ದಿನಗಳೇ ಅದರ ಹೊಟ್ಟೆ. ಇದು ಹಲವರಿಗೆ ಸಹಿಸಲಾಗದೆ, ಕ್ಯಾಲಿಫೋರ್ನಿಯಾದ ಕರ್ನ್ ಪ್ರಾಂತ್ಯದ ಆಡಳಿತ ಮಂಡಳಿ ಅದೇ ವರ್ಷ ತನ್ನ ಗ್ರಂಥಾಲಯಗಳಲ್ಲಿ ಪುಸ್ತಕವನ್ನು ನಿಷೇಧಿಸಿತು. ಲೇಖಕನಿಗೆ ೧೯೬೨ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಆದರೆ ಈ ಕಥೆಗೆ ಒಂದು ಬಾಲವಿದೆ. ಅದೇ ವಲಸೆ ಬಿಡಾರಗಳಲ್ಲಿ ಸರಕಾರದ ಪರವಾಗಿ ದುಡಿಯುತ್ತಿದ್ದ ಸನೋರಾ ಬ್ಯಾಬ್ ಎಂಬ ಹೆಣ್ಣುಮಗಳು ತಾನು ಕಂಡದ್ದನ್ನು ಟಿಪ್ಪಣಿ ಮಾಡಿಕೊಂಡು ಒಂದು ಕಾದಂಬರಿ ಬರೆದಳು. ಸ್ವತಃ ಒಕ್ಲಹೋಮಾ ಸೀಮೆಯ ಬಡ ರೈತ ಕುಟುಂಬದಲ್ಲಿ ಹುಟ್ಟಿದವಳು. ಅವಳ ಟಿಪ್ಪಣಿಗಳು ಬಿಡಾರದ ಮೇಲಧಿಕಾರಿಯ ಮೂಲಕ ಸ್ಟೈನ್‌ಬೆಕ್ಕನ ಕೈಗೂ ಸೇರಿದ್ದವು. ಅವನ ಪುಸ್ತಕ ಬಂದು ಜಯಭೇರಿ ಹೊಡೆದ ಮೇಲೆ ಪ್ರಕಾಶಕರು ಅದೇ ವಸ್ತುವಿಗೆ ಇನ್ನೊಂದು ಪುಸ್ತಕ ನಡೆಯದೆಂದು ಅವಳ ಹಸ್ತಪ್ರತಿಯನ್ನು ಬದಿಗಿಟ್ಟರು. ಅದು ಅಚ್ಚಾದದ್ದು ೨೦೦೪ರಲ್ಲಿ, ಅರವತ್ತೈದು ವರ್ಷಗಳ ನಂತರ. ಮರುವರ್ಷ ಅವಳು ತೀರಿಕೊಂಡಳು. 'ಯಾರ ಹೆಸರುಗಳು ಗೊತ್ತಿಲ್ಲವೋ' ಎಂಬರ್ಥದ ಹೆಸರನ್ನು ಅವಳು ತನ್ನ ಕಾದಂಬರಿಗೆ ಇಟ್ಟಿದ್ದಳು. ಆ ಹೆಸರು ಅವಳಿಗೇ ಅನ್ವಯವಾದದ್ದು ವಿಧಿಯ ವ್ಯಂಗ್ಯ. ಒಂದು ಜನದ ಕಥೆಯನ್ನು ಒಬ್ಬ ದೊಡ್ಡ ಲೇಖಕ ಬರೆದುಬಿಟ್ಟರೆ ಸಾಕು, ಅದು ಮುಗಿಯಿತು ಎಂದು ಲೋಕ ಭಾವಿಸುತ್ತದೆ. ಅದು ಮುಗಿದಿರುವುದಿಲ್ಲ. ನಮ್ಮಲ್ಲಿ 'ಚೋಮನ ದುಡಿ' ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರಿಗೂ ಈ ಮಾತು ಸಲ್ಲುತ್ತದೆ.

೬

ಈಗ ನಮ್ಮ ಕಡೆಗೆ ತಿರುಗೋಣ. ಊರು ಬಿಟ್ಟವನ ಕಥೆ ಕನ್ನಡದಲ್ಲಿ ಇಲ್ಲವೇ? ಧಾರಾಳವಾಗಿ ಇದೆ. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲತೀರದ ಬ್ರಾಹ್ಮಣ ಮನೆತನದ ಮೂರು ತಲೆಮಾರುಗಳಿವೆ. ಮೂರನೆಯ ತಲೆಮಾರಿನ ರಾಮ ಓದಿ, ಪೇಟೆಗಳಲ್ಲಿ ಅಲೆದು, ನೌಕರಿಯ ಬರಗಾಲವನ್ನು ಉಂಡು, ಕಡೆಗೆ ಹಳ್ಳಿಯ ಮಣ್ಣಿಗೆ ಹಿಂದಿರುಗುತ್ತಾನೆ. ಯಶವಂತ ಚಿತ್ತಾಲರ 'ಶಿಕಾರಿ'ಯ (೧೯೭೯) ನಾಗಪ್ಪ ಹನೇಹಳ್ಳಿಯಿಂದ ಮುಂಬಯಿಗೆ ಬಂದು ದೊಡ್ಡ ಕಂಪನಿಯ ಅಧಿಕಾರಿಯಾಗಿ, ಅಲ್ಲಿನ ಬೇಟೆಯಲ್ಲಿ ಮಿಕವಾಗುತ್ತಾನೆ. ಇವೆಲ್ಲ ನಮ್ಮ ಕಥೆಗಳು. ಬಾಡಿಗೆ ಮನೆ, ಮೇಲಧಿಕಾರಿ, ಒಂಟಿತನ, ಊರಿನ ಕನಸು, ಇವನ್ನು ಓದುವಾಗ ನಮ್ಮ ಕಣ್ಣು ತೇವವಾಗುತ್ತದೆ.

ಆದರೆ ಒಂದು ಭೇದವನ್ನು ಗಮನಿಸಬೇಕು. ರಾಮನಿಗೆ ಮರಳಲು ಮಣ್ಣಿತ್ತು. ಚೋಮನಿಗೆ ಮರಳಿ ಹೋಗಲು ಊರಿತ್ತು, ಮಣ್ಣಿರಲಿಲ್ಲ. ಕೆಲವೇ ವರ್ಷಗಳ ಅಂತರದಲ್ಲಿ ಒಬ್ಬನೇ ಲೇಖಕ ಬರೆದ ಈ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಹೊರನಾಡ ಕನ್ನಡಿಗನಿಗೂ ಗುಳೆ ಹೋದವನಿಗೂ ಇರುವ ಅಂತರ ಅಂಗೈ ನೆಲ್ಲಿಕಾಯಿಯಾಗುತ್ತದೆ. ಊರಿನ ಹಂಬಲ ಇಬ್ಬರಿಗೂ ಒಂದೇ. ಆದರೆ ಹಂಬಲ ಒಬ್ಬನಿಗೆ ದಾರಿಯಾಗುತ್ತದೆ, ಇನ್ನೊಬ್ಬನಿಗೆ ಬರೀ ದುಡಿಯ ಸದ್ದಾಗುತ್ತದೆ.

ನಾವಿರುವ ಈ ಊರಿಗೇ ಸಂಬಂಧಿಸಿದ ಒಂದು ಕಾದಂಬರಿಯನ್ನೂ ನೆನೆಯಬೇಕು. ೧೯೪೬ರಿಂದ ೧೯೫೧ರವರೆಗೆ ನಡೆದ ತೆಲಂಗಾಣ ರೈತ ಹೋರಾಟವನ್ನು ಕುರಿತು ಕೃಷನ್ ಚಂದರ್ ಉರ್ದುವಿನಲ್ಲಿ 'ಜಬ್ ಖೇತ್ ಜಾಗೆ' ಬರೆದರು. ಗಲ್ಲಿಗೇರುವ ಹಿಂದಿನ ರಾತ್ರಿ ರಾಘವರಾವ್ ತನ್ನ ಬಾಳನ್ನು ನೆನೆಯುತ್ತಾನೆ. ಬಿಟ್ಟಿಚಾಕರಿಯ ಮನೆಯಲ್ಲಿ ಹುಟ್ಟಿದ ಆ ಹುಡುಗ ಊರು ಬಿಟ್ಟು ಹೈದರಾಬಾದಿಗೆ ಬಂದು ರಿಕ್ಷಾ ಎಳೆಯುತ್ತಾನೆ. ಇಲ್ಲಿ ಮಕ್ಬೂಲನೆಂಬ ಗೆಳೆಯನಿಂದ ತಿಳಿವಳಿಕೆ ಪಡೆದು, ತನ್ನದಲ್ಲದ ಮಣ್ಣನ್ನು ತನ್ನದಾಗಿಸಿಕೊಳ್ಳಲು ಊರಿಗೆ ಮರಳುತ್ತಾನೆ. ಇದರ ಆಧಾರದಿಂದಲೇ ಗೌತಮ್ ಘೋಷ್ ೧೯೭೯ರಲ್ಲಿ 'ಮಾ ಭೂಮಿ' ತೆಲುಗು ಚಿತ್ರ ತಯಾರಿಸಿದರು. ಕೃಷನ್ ಚಂದರರ ಬರವಣಿಗೆಯಲ್ಲಿ ಭಾವುಕತೆ ತುಸು ಹೆಚ್ಚೇ. ಆದರೂ ರಾಮನ ಮರಳುವಿಕೆ, ಚೋಮನ ಮರಳಲಾರದಿಕೆ ಎರಡರ ಪಕ್ಕದಲ್ಲಿ ಅವರು ಮೂರನೆಯ ಸಾಧ್ಯತೆಯೊಂದನ್ನು ಇಟ್ಟರು: ಪಟ್ಟಣದ ಕೂಲಿ ಮನುಷ್ಯನನ್ನು ನುಂಗುವುದಷ್ಟೇ ಅಲ್ಲ, ಕೆಲವೊಮ್ಮೆ ಕಣ್ಣನ್ನೂ ತೆರೆಯಿಸುತ್ತದೆ. ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್' (೧೯೫೩) ಚಿತ್ರದ ರೈತನೂ ನೆಲ ಉಳಿಸಿಕೊಳ್ಳಲು ಕಲಕತ್ತೆಗೆ ಹೋಗಿ ರಿಕ್ಷಾ ಎಳೆದವನೇ. ಆದರೆ ಅವನು ಮರಳಿದಾಗ ಆ ನೆಲಕ್ಕೆ ಬೇಲಿ ಬಿದ್ದಿರುತ್ತದೆ.

ನಮ್ಮ ಸೀಮೆಯ ಲೇಖಕರು ಸುಮ್ಮನೆ ಕೂತಿಲ್ಲ. ಶಾಂತರಸ, ರಾಜಶೇಖರ ನೀರಮಾನ್ವಿ, ಅಮರೇಶ ನುಗಡೋಣಿ ಇವರು ರಾಯಚೂರು ಸೀಮೆಯ ಬಿಸಿಲನ್ನೂ ಗೌಡಿಕೆಯನ್ನೂ ಕನ್ನಡ ಕಥೆಗೆ ತಂದರು. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಮೇಷ್ಟರಾಗಿದ್ದ ಕುಂ. ವೀರಭದ್ರಪ್ಪನವರು ಎರಡು ಭಾಷೆಗಳ ನಡುವೆ ಸಿಕ್ಕ ಬಡವರಿಗೆ ಒಂದು ಅಬ್ಬರದ, ಜೀವಂತ ಗದ್ಯವನ್ನೇ ಕಟ್ಟಿಕೊಟ್ಟರು. ಗೀತಾ ನಾಗಭೂಷಣರ 'ಬದುಕು' ಕಾದಂಬರಿ ಕಲಬುರಗಿಯ ಕೆಳವರ್ಗದ ಹೆಂಗಸರ ಮಾತನ್ನು ಮಡಿ ಮಾಡದೆ ಅಚ್ಚಿಗೆ ತಂದು, ೨೦೦೪ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಭಾಷೆ ಸಿದ್ಧವಾಗಿದೆ ಎಂಬುದಕ್ಕೆ ಇಷ್ಟು ಸಾಕು. ಆದರೆ ಇವರ ಬರವಣಿಗೆಯ ಕೇಂದ್ರವೂ ಬಹುಮಟ್ಟಿಗೆ ಹಳ್ಳಿಯೇ. ಗುಳೆ ಹೋಗುವವರು ಊರ ಅಗಸಿ ದಾಟುವವರೆಗೆ ಕಥೆ ಅವರ ಬೆನ್ನಿಗಿರುತ್ತದೆ. ಅವರು ಬಸ್ಸು ಹತ್ತಿದ ಮೇಲೆ ಕಥೆ ಊರಲ್ಲೇ ಉಳಿಯುತ್ತದೆ. ಅತ್ತ ನಗರದ ಕನ್ನಡ ಕಥೆ ಮೂರನೆಯ ಮಹಡಿಯ ಕಿಟಕಿಯಿಂದ ಕೆಳಗಿನ ತಗಡಿನ ಗುಡಿಸಲನ್ನು ನೋಡುತ್ತದೆ. ಅಗಸಿಗೂ ಕಿಟಕಿಗೂ ನಡುವೆ ಒಂದು ಇಡೀ ಬದುಕು ಬರೆಯದೆ ಬಿದ್ದಿದೆ.

ಕಾರಂತರಿಂದ ಲೆಕ್ಕ, ಕುವೆಂಪು ಅವರಿಂದ ಒಲವು, ಸ್ಟೈನ್‌ಬೆಕ್ಕನಿಂದ ನಡುವಣ ದಿನಗಳು, ಈ ಮೂರೂ ಒಂದೆಡೆ ಕೂಡಿದ ಗುಳೆಯ ಕಾದಂಬರಿ ನನ್ನ ಓದಿನಲ್ಲಿ ಕನ್ನಡಕ್ಕೆ ಇನ್ನೂ ಬಂದಿಲ್ಲ.

೭

ಈ ಕೊರತೆಯ ಬೆಲೆ ಏನೆಂಬುದು ೨೦೨೦ರಲ್ಲಿ ಗೊತ್ತಾಯಿತು. ಆ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಮ್ಮಂಥವರು ಮನೆಯೊಳಗೆ ಸೇರಿಕೊಂಡೆವು. ಹೆದ್ದಾರಿಗಳ ಮೇಲೆ ಗಂಟು ಹೊತ್ತು ನಡೆಯುವವರ ಚಿತ್ರಗಳನ್ನು ದೂರದರ್ಶನದಲ್ಲಿ ಕಂಡು ಮರುಗಿದೆವು. ಮೇ ೧ರಂದು, ಕಾರ್ಮಿಕರ ದಿನದಂದೇ, ದೇಶದ ಮೊದಲ ಶ್ರಮಿಕ ರೈಲು ಹೊರಟದ್ದು ನಮ್ಮ ಲಿಂಗಂಪಲ್ಲಿ ನಿಲ್ದಾಣದಿಂದ. ಸುಮಾರು ೧೨೦೦ ಮಂದಿಯನ್ನು ಹೊತ್ತು ಅದು ಜಾರ್ಖಂಡದ ಹಟಿಯಾಕ್ಕೆ ಹೋಯಿತು. ಆಗ ನಮ್ಮಲ್ಲಿ ಎಷ್ಟೋ ಜನ, "ಅರೆ, ಇಷ್ಟು ಜನ ಇಲ್ಲಿ ಎಲ್ಲಿದ್ದರು?" ಎಂದು ಉದ್ಗರಿಸಿದ್ದು ನನಗೆ ನೆನಪಿದೆ. ನಾನೂ ಹಾಗೆಯೇ ಅಂದವನು.

ಎಲ್ಲಿದ್ದರು? ನಮ್ಮ ಬೀದಿಯ ತುದಿಯಲ್ಲಿಯೇ ಇದ್ದರು. ಹೊರಟು ನಿಂತಾಗ ಮಾತ್ರ ಕಣ್ಣಿಗೆ ಬಿದ್ದರು. ನಮ್ಮ ಕಾದಂಬರಿಗಳು ಮಾಡಿದ್ದೂ ಇದನ್ನೇ ಅಲ್ಲವೇ? ಹೋಗುವಾಗ ಕಂಡವು, ಬರುವಾಗ ಕಂಡವು. ಇದ್ದಾಗ ಕಾಣಲಿಲ್ಲ. ಬರೆಯದಿರುವುದು ಬರೀ ಸಾಹಿತ್ಯದ ಕೊರತೆಯಲ್ಲ. ಅದು ನೋಡದಿರುವುದರ ಅಭ್ಯಾಸ. ಒಳ್ಳೆಯ ಕಾದಂಬರಿ ಆ ಅಭ್ಯಾಸವನ್ನು ಬಿಡಿಸುತ್ತದೆ. ಪೀಚ್ ಪೆಟ್ಟಿಗೆಯ ಐದು ಸೆಂಟು ಎರಡೂವರೆಯಾದ ಕಥೆ ಓದಿದವನು ಹಣ್ಣಿನಂಗಡಿಯ ಮುಂದೆ ಮೊದಲಿನಂತೆ ನಿಲ್ಲಲಾರ.

ಈ ಕೆಲಸವನ್ನು ಬೆಂಗಳೂರು ಧಾರವಾಡಗಳಿಗೆ ಬಿಟ್ಟು ಕೂರಬೇಕಾಗಿಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಊರು ಬಿಟ್ಟ ನೋವು ನಮಗೂ ಗೊತ್ತು, ತೆಲುಗು ಉರ್ದುಗಳ ನಡುವೆ ಕನ್ನಡ ಆಡುವ ಸುಖ ಸಂಕಟವೂ ಗೊತ್ತು. ಬರೆಯುವ ಶಕ್ತಿ ಎಲ್ಲರಿಗೂ ಇರಲಿಕ್ಕಿಲ್ಲ; ಕೇಳುವ ಕಿವಿಯಂತೂ ಇದೆ. ನಮ್ಮ ಮಕ್ಕಳಿಗೆ ಕನ್ನಡ ಕಲಿಸುವಾಗ 'ಚೋಮನ ದುಡಿ'ಯನ್ನು ಹಳೆಯ ಕಾಲದ ಕಥೆಯೆಂದು ಓದಿಸದೆ, ಬೀದಿಯ ತುದಿಯವರೆಗೆ ಅವರನ್ನು ಕರೆದೊಯ್ದು, ಅಲ್ಲಿಯ ಕನ್ನಡವನ್ನು ಕೇಳಿಸಿ, ಆಮೇಲೆ ಓದಿಸಿದರೆ ಹೇಗೆ? ಆ ಮಕ್ಕಳಲ್ಲಿ ಯಾರೋ ಒಬ್ಬರು, ಅಥವಾ ಆ ತಗಡಿನ ಗುಡಿಸಲಿನಲ್ಲಿ ಗದರಿಸಿಕೊಂಡ ಕೂಸೇ ಮುಂದೊಂದು ದಿನ, ಈ ನಡುವಣ ಕಥೆಯನ್ನು ಬರೆದಾರು.

ಮಳೆಗಾಲದ ಹೊತ್ತಿಗೆ ಆ ಕಟ್ಟಡಕ್ಕೆ ಸುಣ್ಣಬಣ್ಣವಾಯಿತು. ತಗಡಿನ ಗುಡಿಸಲು ಬಿಚ್ಚಿಕೊಂಡು ಅವರು ಇನ್ನೆಲ್ಲಿಗೋ ಹೋದರು. ಮೂರು ಕಲ್ಲು ಮಾತ್ರ ಕೆಲವು ದಿನ ಅಲ್ಲಿಯೇ ಇದ್ದವು. ಅಂದು ಅವಳ ಮಾತಿಗೆ ನಾನು ಸುಮ್ಮನೆ ನಕ್ಕು ಬಂದಿದ್ದೆ. "ಹೌದವ್ವಾ, ನಾನೂ ದುಡಿಲಾಕ ಬಂದವನೇ" ಎಂದು ಹೇಳಬೇಕಾಗಿತ್ತು. ಆಮೇಲೆ, "ನಿನ್ನ ಮುಂಗಡ ಎಷ್ಟು?" ಎಂದೂ ಕೇಳಬೇಕಾಗಿತ್ತು.